ಪೈಪ್‌ಲೈನ್ ಸಿಕ್ಕಿತು, ಮಗ ಹೋದ

'ದೇರ್ ವಿಲ್ ಬಿ ಬ್ಲಡ್' ಮತ್ತೆ ನೋಡಿದೆ. 2007ರದು, ಡೇನಿಯಲ್ ಡೇ-ಲೂಯಿಸ್‌ಗೆ ಆಸ್ಕರ್ ತಂದ ಸಿನಿಮಾ. ಎಲ್ಲರೂ ಕೊನೆಯ ದೃಶ್ಯದ ಬಗ್ಗೆ ಮಾತಾಡುತ್ತಾರೆ, ನನಗೆ ಚರ್ಚ್ ದೃಶ್ಯವೇ ಮನಸ್ಸಿಂದ ಹೋಗುತ್ತಿಲ್ಲ. ಎಣ್ಣೆ ಬಾವಿ ತೋಡಿಸುವ ಕಥಾನಾಯಕ ಪ್ಲೇನ್‌ವ್ಯೂಗೆ ಪೈಪ್‌ಲೈನ್ ಹಾಕೋಕೆ ಒಬ್ಬ ಮುದುಕನ ಜಮೀನು ಬೇಕು, ಆ ಮುದುಕ 'ನೀನು ಚರ್ಚಲ್ಲಿ ದೀಕ್ಷಾಸ್ನಾನ ತಗೊಂಡರೆ ಮಾತ್ರ ಕೊಡ್ತೀನಿ' ಅನ್ನುತ್ತಾನೆ. ದೇವರನ್ನೇ ನಂಬದ ಪ್ಲೇನ್‌ವ್ಯೂ ಮಂಡಿಯೂರುತ್ತಾನೆ, ಪಾದ್ರಿ ಅವನ ಕೆನ್ನೆಗೆ ಬಾರಿಸಿ ಬಾರಿಸಿ 'ಮಗನನ್ನು ಕೈಬಿಟ್ಟೆ' ಅಂತ ಕೂಗಿಸುತ್ತಾನೆ. ಎಣ್ಣೆ ಬಾವಿಯ ಸ್ಫೋಟದಲ್ಲಿ ಕಿವುಡನಾದ ಮಗನನ್ನು ಪ್ಲೇನ್‌ವ್ಯೂ ರೈಲಲ್ಲಿ ದೂರ ಕಳಿಸಿಬಿಟ್ಟಿದ್ದ, ಹಾಗಾಗಿ ಆ ಮಾತು ಬರುವಾಗ ಅವನು ನಿಜವಾಗಿಯೂ ಕುಸಿಯುತ್ತಾನೆ. ಆದರೂ ಕೊನೆಗೆ ಅವನ ಬಾಯಲ್ಲಿ ಬರೋದು ಪೈಪ್‌ಲೈನ್ ಮಾತೇ. ಪಾದ್ರಿಯೂ ಏನು ಕಮ್ಮಿ ಇಲ್ಲ, ಮುಂದೆ ದುಡ್ಡಿಗಾಗಿ ತಾನು ಸುಳ್ಳು ಪ್ರವಾದಿ ಅಂತ ತಾನೇ ಕೂಗುತ್ತಾನೆ.

ಕೋಲಾರದಲ್ಲಿ ಕೂತು ಇದನ್ನು ಬರೀ ಅಮೆರಿಕದ ಕಥೆ ಅಂತ ನೋಡೋಕಾಗಲ್ಲ. ನರಸಾಪುರದ ಕಡೆ ಕಾರ್ಖಾನೆ ಬಂದ ಮೇಲೆ ಜಮೀನಿನ ರೇಟು ಏರಿತು, ಅಣ್ಣತಮ್ಮಂದಿರು ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಪಕ್ಕಪಕ್ಕ ನಿಂತರೂ ಮುಖ ನೋಡಲ್ಲ. ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಕಾನೂನು ತಿದ್ದಿದ್ದಾರೆ, ಆದರೆ ಪಾಲು ಕೇಳಿದ ಅಕ್ಕನಿಗೆ 'ಮದುವೆಗೆ ಖರ್ಚು ಮಾಡಿಲ್ವಾ' ಅನ್ನುತ್ತಾರೆ. ಅದೇ ಜಮೀನು ಮಾರಿದ ದುಡ್ಡಲ್ಲಿ ಗುಡಿಗೆ ಬೆಳ್ಳಿ ಕವಚ ಮಾಡಿಸುತ್ತಾರೆ. ನನಗೆ ಇದು ಜಾಸ್ತಿ ಸಂಕಟ ಕೊಡುತ್ತೆ. ಮೇಲೆ ಬರಬೇಕು ಅನ್ನೋ ಆಸೆ ತಪ್ಪಲ್ಲ, ಆದರೆ ಅಕ್ಕನ ಬಾಯಿ ಮುಚ್ಚಿಸಿ ದೇವರಿಗೆ ಕೊಟ್ಟರೆ ಅದು ಭಕ್ತಿ ಆಗುತ್ತಾ?

ನೋಡಿಲ್ಲದವರು ನೋಡಿ. ಶುರುವಿನಲ್ಲಿ ತುಂಬಾ ಹೊತ್ತು ಮಾತೇ ಇಲ್ಲ, ಸ್ವಲ್ಪ ತಾಳ್ಮೆ ಇರಲಿ.