ಮೂರು ನಕ್ಷತ್ರ, ಒಂದು ಭಾಗಾಕಾರ

ವಿದ್ಯಾರ್ಥಿಗಳೇ ನಡೆಸುವ ಅರ್ಥಶಾಸ್ತ್ರ ಜರ್ನಲ್‌ಗೆ ಸೇರುವವರಲ್ಲಿ ಹೆಚ್ಚಿನವರ ಕಣ್ಣು ರೆಸ್ಯೂಮೆಯ ಒಂದು ಸಾಲಿನ ಮೇಲಿರುತ್ತದೆ. ಆ ಸಾಲು ಮೊದಲ ಕೆಲಸ ಸಿಗುವವರೆಗೆ ನಡೆಯುತ್ತದೆ. ಆಮೇಲೂ ಕೈಬಿಡದ್ದು, ಇನ್ನೊಬ್ಬರ ಕೋಷ್ಟಕವನ್ನು ಲೆಕ್ಕ ಹಾಕಿ ನೋಡದೆ ನಂಬದಿರುವ ಅಭ್ಯಾಸ.

ಒಂದು ಅಂಶಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಅಂದಾಜಿಸುವ ರಿಗ್ರೆಶನ್ ಕೋಷ್ಟಕವೊಂದರಲ್ಲಿ ಗುಣಾಂಕ (ಆ ಸಂಬಂಧದ ಅಂದಾಜು) 0.12, ಕೆಳಗೆ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಅನಿಶ್ಚಿತ ಎಂಬ ಅಳತೆ) 0.08, ಪಕ್ಕದಲ್ಲಿ ಫಲಿತಾಂಶ ಗಟ್ಟಿ ಎಂದು ಸೂಚಿಸುವ ಮೂರು ನಕ್ಷತ್ರ ಇವೆ ಎನ್ನಿ. ಭಾಗಿಸಿದರೆ ಬರುವುದು 1.5. ಶೇ 5ರ ಮಟ್ಟಕ್ಕೇ, ಅಂದರೆ ಸಂಬಂಧವೇ ಇಲ್ಲದಿದ್ದರೂ ಇಷ್ಟು ದೊಡ್ಡ ಅಂಕಿ ಆಕಸ್ಮಿಕವಾಗಿ ಬರುವ ಸಾಧ್ಯತೆ ಶೇ 5 ಮೀರದಿರಲು, ಸುಮಾರು 1.96 ಬೇಕು, ಮೂರು ನಕ್ಷತ್ರ ಸಾಮಾನ್ಯವಾಗಿ ಹೇಳುವ ಶೇ 1ರ ಮಟ್ಟಕ್ಕೆ 2.58. ಒಂದೋ ನಕ್ಷತ್ರ ತಪ್ಪು, ಇಲ್ಲವೇ ಸ್ಟ್ಯಾಂಡರ್ಡ್ ಎರರ್ 0.008 ಆಗಬೇಕಿತ್ತು, ಇಲ್ಲವೇ ಹಳೆಯ ಕರಡಿನ ಅಂಕಿ ಹೊಸ ಕೋಷ್ಟಕದಲ್ಲಿ ಉಳಿದುಕೊಂಡಿದೆ. ಕೋಷ್ಟಕವನ್ನು ಕೈಯಿಂದ ಟೈಪ್ ಮಾಡಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ಮೂರನೆಯದನ್ನೇ.

ಬಳಿಕ ಕೊನೆಯ ಸಾಲು, ಅಂದರೆ ಸ್ಯಾಂಪಲ್ ಗಾತ್ರ. ಮೊದಲ ಕಾಲಂನಲ್ಲಿ 4,200, ಮೂರನೆಯದರಲ್ಲಿ 2,900 ಇದ್ದರೆ, ಹೊಸದಾಗಿ ಸೇರಿಸಿದ ಚರದ ಮಾಹಿತಿ ಇಲ್ಲದ ಸಾಲುಗಳನ್ನು ಸಾಫ್ಟ್‌ವೇರ್ ಸದ್ದಿಲ್ಲದೆ ಕೈಬಿಟ್ಟಿರುತ್ತದೆ. ಗುಣಾಂಕ ಬದಲಾದದ್ದು ಆ ಚರದಿಂದಲೋ, ಜನ ಬದಲಾದದ್ದರಿಂದಲೋ? ಮೊದಲ ಕಾಲಂ ಅನ್ನೂ ಅದೇ 2,900 ಸಾಲುಗಳ ಮೇಲೆ ಓಡಿಸಿ ತೋರಿಸಿ ಎಂದು ಲೇಖಕರನ್ನು ಕೇಳಬೇಕು. ವಿವರಿಸಬೇಕಾದ ಚರವನ್ನು (ಅವಲಂಬಿತ ಚರ) ಲಾಗ್ ರೂಪದಲ್ಲಿ ಬಳಸಿದ್ದಾಗಲೂ ಎಚ್ಚರ: ಗುಣಾಂಕ 0.05 ಎಂದರೆ ಸುಮಾರು ಶೇ 5 ಸರಿ, ಆದರೆ 0.5 ಎಂದರೆ ಶೇ 50 ಅಲ್ಲ, ಸುಮಾರು ಶೇ 65.

ಇದು ಕಿರಿಯರ ಪ್ರಬಂಧಗಳಿಗೆ ಸೀಮಿತವಾದ ಕಾಯಿಲೆ ಎಂದುಕೊಳ್ಳಬೇಡಿ. ಸಾರ್ವಜನಿಕ ಸಾಲ ಜಿಡಿಪಿಯ ಶೇ 90 ದಾಟಿದಾಗ ಸರಾಸರಿ ಬೆಳವಣಿಗೆ ಶೇ ಮೈನಸ್ 0.1 ಎಂದು ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೊಗಾಫ್ 2010ರಲ್ಲಿ ಬರೆದಿದ್ದರು. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅದೇ ಲೆಕ್ಕವನ್ನು ಮತ್ತೆ ಮಾಡಿದಾಗ ಬಂದದ್ದು ಶೇ 2.2. ಎಲ್ಲರ ನೆನಪಿನಲ್ಲಿ ಉಳಿದದ್ದು ಐದು ದೇಶಗಳನ್ನು ಬಿಟ್ಟುಬಿಟ್ಟ ಎಕ್ಸೆಲ್ ಸೂತ್ರ. ಆದರೆ ವ್ಯತ್ಯಾಸದ ದೊಡ್ಡ ಪಾಲು ಬಂದದ್ದು ಕೆಲವು ವರ್ಷಗಳನ್ನು ಹೊರಗಿಟ್ಟದ್ದರಿಂದ ಮತ್ತು ತೂಕ ಕೊಟ್ಟ ರೀತಿಯಿಂದ: ನ್ಯೂಜಿಲೆಂಡಿನ ಒಂದೇ ವರ್ಷಕ್ಕೆ ಬ್ರಿಟನ್ನಿನ 19 ವರ್ಷಗಳಷ್ಟೇ ತೂಕ ಸಿಕ್ಕಿತ್ತು. ಡೇಟಾ ಫೈಲ್ ಕೈಗೆ ಸಿಗದಿದ್ದರೆ ಇದ್ಯಾವುದೂ ಹೊರಬರುತ್ತಿರಲಿಲ್ಲ. ಹಾಗಾಗಿ ಡೇಟಾ ಮತ್ತು ಕೋಡ್ ಅನ್ನು ಪ್ರಬಂಧದ ಜೊತೆಗೇ ಕೇಳಿ. ಸ್ವೀಕಾರಪತ್ರ ಕಳಿಸಿದ ಮೇಲೆ ಲೇಖಕರಿಗೆ ಅವಸರವಿರುವುದಿಲ್ಲ.

ಲೇಖಕರು ಯಾರೆಂದು ವಿಮರ್ಶಕರಿಗೆ ಗೊತ್ತಾಗದಿರಲು, ಪ್ರಬಂಧ ಕಳಿಸುವ ಮುನ್ನ ಮೊದಲ ಪುಟದಿಂದ ಹೆಸರು ಅಳಿಸಿದರೆ ಸಾಲದು. ಫೈಲ್ ಪ್ರಾಪರ್ಟೀಸ್‌ನಲ್ಲಿ, ಕೃತಜ್ಞತೆಯಲ್ಲಿ, ಕೋಡ್‌ನ ಫೋಲ್ಡರ್ ವಿಳಾಸದಲ್ಲಿ ಹೆಸರು ಇಣುಕುತ್ತಿರುತ್ತದೆ. ವಿಮರ್ಶೆಯ ಮೊದಲ ಎರಡು ವಾಕ್ಯಗಳಲ್ಲಿ ಪ್ರಬಂಧ ಏನನ್ನು ವಾದಿಸುತ್ತಿದೆ ಎಂದು ಬರೆಸಿ. ‘ನಾನು ಹೇಳಿದ್ದು ಇದಲ್ಲ’ ಎಂದು ಲೇಖಕರು ಉತ್ತರಿಸಿದರೆ, ಕೋಷ್ಟಕಕ್ಕಿಂತ ಮೊದಲು ತಿದ್ದಬೇಕಾದದ್ದು ಪೀಠಿಕೆಯನ್ನು.