ಬಣ್ಣವೆಲ್ಲ ಸಿಪ್ಪೆಯದ್ದು

ನಂದಿ ಬೆಟ್ಟದ ಕೆಳಗಿನ ದ್ರಾಕ್ಷಿ ತೋಟಕ್ಕೆ ಹೋಗಿದ್ದೆ. ಅಲ್ಲಿಯವರು ಶಿರಾಝ್ ಅನ್ನುವ ವೈನ್ ದ್ರಾಕ್ಷಿಯ ಕಪ್ಪಗಿದ್ದ ಒಂದು ಹಣ್ಣನ್ನು ಮೆಲ್ಲಗೆ ಹಿಂಡಿ ತೋರಿಸಿದರು. ರಸಕ್ಕೆ ಬಣ್ಣವೇ ಇಲ್ಲ! ಕೆಂಪೆಲ್ಲ ಸಿಪ್ಪೆಯದ್ದು. ಸಿಪ್ಪೆ ಸಮೇತ ಹುಳಿ ಬರಿಸಿದರೆ ರೆಡ್ ವೈನ್. ಬಿಳಿ ದ್ರಾಕ್ಷಿ ಹಿಂಡಿ ಬರೀ ರಸ ಹುಳಿ ಬರಿಸಿದರೆ ವೈಟ್. ಕಪ್ಪು ಸಿಪ್ಪೆ ಕೆಲವೇ ಗಂಟೆ ರಸದಲ್ಲಿದ್ದರೆ ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್.

ರೆಡ್ ಕುಡಿದಾಗ ನಾಲಿಗೆ ಒಣಗಿದ ಹಾಗಾಗುತ್ತೆ, ಅಲ್ವಾ? ಆ ಒಗರು ಟ್ಯಾನಿನ್. ಜಾಸ್ತಿ ಕುದಿಸಿದ ಟೀಯಲ್ಲೂ ಅದೇ ಇರುತ್ತದೆ. ಇನ್ನು ‘ಡ್ರೈ’ ಅಂದರೆ ಯೀಸ್ಟ್ ಸಕ್ಕರೆಯನ್ನು ಹೆಚ್ಚುಕಮ್ಮಿ ಪೂರ್ತಿ ತಿಂದು ಮುಗಿಸಿದ ವೈನ್, ಅಷ್ಟೇ.

ಚಿಕ್ಕವರಿದ್ದಾಗ ಬೆಂಗಳೂರು ಬ್ಲೂ ದ್ರಾಕ್ಷಿಯ ತಿರುಳು ಚೀಪಿ ಸಿಪ್ಪೆ ಉಗಿಯುತ್ತಿದ್ದೆವು. ಬುಟ್ಟಿಗಟ್ಟಲೆ ಬಣ್ಣ ಅಂಗಳಕ್ಕೆ ಎಸೆದಿದ್ದೇವೆ ಅಂತ ವಾಪಸ್ ಬರುವ ದಾರಿಯಲ್ಲಿ ಸುಮ್ನೆ ಅನ್ನಿಸಿತು.