ಹದಿನಾರೆಂಬ ಅನಂತ
ಜಾಲದಲ್ಲಿ ದತ್ತಾಂಶಕ್ಕೆ ದಾರಿ ತೋರುವ ಸಾಧನಗಳಾದ ರೂಟರ್‌ಗಳು ಬಳಸುವ ರಿಪ್ (RIP) ಪ್ರೋಟೋಕಾಲಿನ ಲೆಕ್ಕದಲ್ಲಿ 16 ಎಂದರೆ ಅನಂತ, ಅಂದರೆ ತಲುಪಲಾಗದ ದೂರ. ಇಂದು ಪಾಠದ ಟಿಪ್ಪಣಿ ಸಿದ್ಧಪಡಿಸುವಾಗ ಮನಸ್ಸು ಈ ಸಂಖ್ಯೆಯ ಬಳಿಯೇ ನಿಂತಿತು. ರಿಪ್ ಅನುಸರಿಸುವ ಡಿಸ್ಟೆನ್ಸ್ ವೆಕ್ಟರ್ ಪದ್ಧತಿಯ ರೂಟರ್‌ಗೆ ಜಾಲದ ನಕ್ಷೆ ಗೊತ್ತಿರುವುದಿಲ್ಲ. ನೆರೆಯ ರೂಟರ್ 30 ಸೆಕೆಂಡಿಗೊಮ್ಮೆ ಹೇಳುವ ದೂರಕ್ಕೆ, ಅಂದರೆ ದಾರಿಯ ಜಿಗಿತಗಳ ಎಣಿಕೆಗೆ, ಒಂದನ್ನು ಕೂಡಿಸಿ ಅದನ್ನೇ ನಂಬುತ್ತದೆ. ಹೀಗಾಗಿ ಎಲ್ಲೋ ಒಂದು ಕೊಂಡಿ ಕಡಿದಾಗ, ದಾರಿ ಇನ್ನೊಬ್ಬರ ಬಳಿ ಇದೆಯೆಂದು ನೆರೆಯವರಿಬ್ಬರೂ ಪರಸ್ಪರ ನಂಬಿಕೊಂಡು, ಇಲ್ಲದ ದಾರಿಯ ದೂರವನ್ನು ಮೂರು, ನಾಲ್ಕು, ಐದು ಎಂದು ಏರಿಸುತ್ತಲೇ ಹೋಗುವುದುಂಟು. ಆ ಏರಿಕೆಗೆ ಹಾಕಿದ ಬೇಲಿಯೇ 16. ಲಿಂಕ್ ಸ್ಟೇಟ್ ಎಂಬ ಇನ್ನೊಂದು ಪದ್ಧತಿಯ ಪ್ರೋಟೋಕಾಲ್ ಆದ ಓಎಸ್‌ಪಿಎಫ್‌ನಲ್ಲಾದರೋ ಪ್ರತಿ ರೂಟರ್ ತನ್ನ ಕೊಂಡಿಗಳ ಸ್ಥಿತಿಯನ್ನಷ್ಟೇ ವಲಯದ ಎಲ್ಲರಿಗೂ ಸಾರುತ್ತದೆ ಮತ್ತು ಹಾಗೆ ಕೂಡಿಬಂದ ನಕ್ಷೆಯ ಮೇಲೆ, ಅತಿ ಚಿಕ್ಕ ದಾರಿ ಹುಡುಕುವ ಡೈಕ್‌ಸ್ಟ್ರಾ ಕ್ರಮದಿಂದ ದಾರಿಯನ್ನು ತಾನೇ ಲೆಕ್ಕಹಾಕುತ್ತದೆ. ಮೆಮೊರಿ ಹೆಚ್ಚು ಬೇಕು, ನಿಜ. ಆದರೂ ಇಂಟರ್ನೆಟ್ಟಿನ ಪೂರ್ವಜವಾದ ಅರ್ಪಾನೆಟ್ ಜಾಲ 1979ರಲ್ಲೇ ಡಿಸ್ಟೆನ್ಸ್ ವೆಕ್ಟರ್ ಪದ್ಧತಿಯನ್ನು ಬಿಟ್ಟು ಲಿಂಕ್ ಸ್ಟೇಟ್ ಪದ್ಧತಿಗೆ ಹೊರಳಿತ್ತು.